ಬೆವರು, ಬಟ್ಟೆ ಮತ್ತು ಗಾಳಿ

ಬಂಗಾರಪೇಟೆಯ ರೈಲು ನಿಲ್ದಾಣದಿಂದ ಒಂದು ಕವಲುದಾರಿ ಒಡೆದು, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗಾಣುತ್ತದೆ. 1894ರಲ್ಲಿ ಹಾಕಿದ ಈ ಹಾದಿಯ ಉದ್ದ ಹೆಚ್ಚೇನೂ ಇಲ್ಲ. ಆದರೆ ಅದು ಮುಟ್ಟುವ ಪ್ರದೇಶ ಲೋಕಪ್ರಸಿದ್ಧವಾದುದು. ಇದೇ ಕೋಲಾರದ ಚಿನ್ನದ ಗಣಿಗಳ ನಾಡು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರ ಆಡಳಿತದಲ್ಲಿ ಆಧುನಿಕ ರೀತಿಯ ಅಗೆತ ಪ್ರಾರಂಭವಾಯಿತು. ಅಂದಿನಿಂದ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಇಲ್ಲಿ ದೊರೆತ ಚಿನ್ನ ಸುಮಾರು 800 ಟನ್. ಚಿನ್ನವಿರುವ ಬಿಳಿಗಲ್ಲಿನ ಪದರವನ್ನು ಹಿಂಬಾಲಿಸುತ್ತ ಹೋದ ಮನುಷ್ಯನು ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದನು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ. ಗಣಿಯ ತಳವಿದ್ದುದು ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಅಲ್ಲಿಯ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸನ್ನು ಮೀರಿತ್ತು.

ಅಂತಹ ಆಳದಲ್ಲಿ ಎಂಟು ಗಂಟೆ ದುಡಿಯುವವನು ಯಾವ ಬಟ್ಟೆ ತೊಡಬೇಕು? ಬೆವರನ್ನು ಚೆನ್ನಾಗಿ ಹೀರುವ ಹತ್ತಿಯ ಬಟ್ಟೆಯೇ? ಇಂದು ಅಂಗಡಿಗಳಲ್ಲಿ ದೊರೆಯುವ, ಮೈಯನ್ನು ಸದಾ ಒಣಗಿಸಿಡುವುದೆಂದು ಹೇಳಿ ಮಾರುವ ಕೃತಕ ನೂಲಿನ ಅಂಗಿಯೇ? ಅಥವಾ ಏನೂ ತೊಡದಿರುವುದೇ ಲೇಸೆ? ಈ ಪ್ರಶ್ನೆ ಮೇಲುನೋಟಕ್ಕೆ ದರ್ಜಿಯ ಪ್ರಶ್ನೆಯಂತೆ ಕಾಣುತ್ತದೆ. ವಾಸ್ತವವಾಗಿ ಇದು ಭೌತವಿಜ್ಞಾನದ ಪ್ರಶ್ನೆ, ಮತ್ತು ದುಡಿಯುವವನ ಪ್ರಾಣದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ನಾವು ಮೊದಲು ಬೆವರಿನ ಕೆಲಸವನ್ನೂ, ಅನಂತರ ಬಟ್ಟೆಯ ಕೆಲಸವನ್ನೂ, ಕೊನೆಗೆ ಗಾಳಿಯ ಕೆಲಸವನ್ನೂ ತಿಳಿಯಬೇಕು.

ಬೆವರು ಸುರಿಯುವುದು ಬೇರೆ, ಆರುವುದು ಬೇರೆ

ನಾವು ಉಂಡ ಆಹಾರ ದೇಹದಲ್ಲಿ ಉರಿದು ಶಕ್ತಿಯನ್ನು ಕೊಡುತ್ತದೆ. ಆ ಶಕ್ತಿಯ ಬಹುಪಾಲು ಶಾಖವಾಗಿ ಪರಿಣಮಿಸುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹದಲ್ಲಿ ಹುಟ್ಟುವ ಶಾಖ ಸುಮಾರು 100 ವಾಟ್. ಎಂದರೆ ಹಳೆಯ ಕಾಲದ 100 ವಾಟಿನ ಒಂದು ವಿದ್ಯುದ್ದೀಪ ಕೊಡುವಷ್ಟು. ಬಂಡೆ ಕೊರೆಯುವುದು, ಕಲ್ಲನ್ನು ಗಾಡಿಗೆ ತುಂಬುವುದು ಮೊದಲಾದ ಕಷ್ಟದ ಕೆಲಸಗಳಲ್ಲಿ ಇದು 400 ಅಥವಾ 500 ವಾಟಿಗೆ ಏರುತ್ತದೆ. ಆದರೂ ದೇಹದ ಒಳಗಿನ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಅದು 40 ಡಿಗ್ರಿಯನ್ನು ಮೀರಿದರೆ ಬುದ್ಧಿ ಮಂಕಾಗಿ, ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಅಪಾಯವುಂಟಾಗುತ್ತದೆ. ಆದುದರಿಂದ ಹುಟ್ಟಿದ ಶಾಖವೆಲ್ಲ ಹುಟ್ಟಿದಂತೆಯೇ ಹೊರಗೆ ಹೋಗಬೇಕು.

ಹೊರಗೆ ಹೋಗಲು ಎರಡು ಮುಖ್ಯ ದಾರಿಗಳಿವೆ. ಸುತ್ತಣ ಗಾಳಿ ಮತ್ತು ವಸ್ತುಗಳು ಚರ್ಮಕ್ಕಿಂತ ತಂಪಾಗಿದ್ದರೆ ಶಾಖ ತಾನಾಗಿಯೇ ಅವುಗಳಿಗೆ ಹರಿಯುತ್ತದೆ. ಸೆಕೆಯಲ್ಲಿ ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುತ್ತಲೂ ಅಷ್ಟೇ ಬಿಸಿಯಾದೊಡನೆ ಈ ದಾರಿ ಮುಚ್ಚಿಹೋಗುತ್ತದೆ. ಇನ್ನೂ ಬಿಸಿಯಾದರೆ ಹೊರಗಿನ ಶಾಖವೇ ಒಳಗೆ ನುಗ್ಗುತ್ತದೆ. ಆಗ ಉಳಿಯುವುದು ಎರಡನೆಯ ದಾರಿಯೊಂದೇ. ಅದು ಬೆವರು ಆವಿಯಾಗುವುದು.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ನೀರು ಆವಿಯಾಗಬೇಕಾದರೆ ಶಾಖವನ್ನು ಎಲ್ಲಿಂದಲಾದರೂ ಪಡೆಯಲೇಬೇಕು. ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಚರ್ಮದ ಮೇಲಿನ ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೌಲ್ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಒಂದು ಗಂಟೆಯಲ್ಲಿ ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾಯಿತೆಂದು ಲೆಕ್ಕ ಹಾಕಿದರೆ, ಅದು ಸುಮಾರು 670 ವಾಟ್ ಶಾಖವನ್ನು ಕಳೆಯುತ್ತದೆ. ಅತಿ ಕಷ್ಟದ ದುಡಿಮೆಯ ಶಾಖವನ್ನೂ ಇದು ನೀಗಿಸಬಲ್ಲುದು.

ಇಲ್ಲಿ ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ; ಅದು ಆರಬೇಕು. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ದೇಹದ ನೀರನ್ನೂ ಉಪ್ಪನ್ನೂ ಒಯ್ಯಿತೇ ಹೊರತು ಶಾಖವನ್ನು ಒಯ್ಯಲಿಲ್ಲ. ಕರವಸ್ತ್ರದಿಂದ ಒರೆಸಿ ತೆಗೆದ ಬೆವರಿನ ಗತಿಯೂ ಅಷ್ಟೆ. ಬೆವರು ಆರದೆ ಚರ್ಮದ ಮೇಲೆಯೇ ನಿಂತರೆ ಇನ್ನೊಂದು ತೊಂದರೆಯುಂಟು. ಚರ್ಮದ ಹೊರಪದರ ನೀರು ಕುಡಿದು ಉಬ್ಬುತ್ತದೆ. ಬೆವರುಗ್ರಂಥಿಗಳ ಬಾಯಿ ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ಕಂಕುಳು, ತೊಡೆಯ ಸಂದು, ಕಾಲ್ಬೆರಳುಗಳ ನಡುವೆ ಬೂಸುಜಾತಿಯ ಜೀವಿಗಳು ಬೆಳೆದು ಹುಳುಕಡ್ಡಿಯಂತಹ ರೋಗಗಳಿಗೆ ಎಡೆಯಾಗುತ್ತದೆ. ಆದುದರಿಂದ ಮೈ ಒಣಗಿರಬೇಕೆಂಬ ಬಯಕೆ ಕೇವಲ ಸುಖಾಪೇಕ್ಷೆಯಲ್ಲ. ಆರೋಗ್ಯಕ್ಕೂ ಅದು ಅವಶ್ಯಕ.

ಬಟ್ಟೆ ನೀರು ಕುಡಿಯುವ ಬಗೆ

ಬಟ್ಟೆ ನೀರನ್ನು ಎರಡು ಬಗೆಯಲ್ಲಿ ಹೀರುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ತಿಳಿಯದಿದ್ದರೆ ಬಟ್ಟೆಯ ಗುಣವನ್ನು ಅರಿಯುವುದು ಸಾಧ್ಯವಿಲ್ಲ.

ಮೊದಲನೆಯದು, ಎಳೆಯೇ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುವುದು. ಹತ್ತಿಯ ಎಳೆ ಸೆಲ್ಯುಲೋಸ್ ಎಂಬ ದ್ರವ್ಯದಿಂದಾದುದು. ಅದರ ಉದ್ದನೆಯ ಅಣುಗಳ ಮೇಲೆ ನೀರಿನ ಅಣುಗಳನ್ನು ಹಿಡಿದುಕೊಳ್ಳಬಲ್ಲ ಎಡೆಗಳು ಸಾಲುಸಾಲಾಗಿವೆ. ಒಣಗಿದಂತೆ ತೋರುವ 100 ಗ್ರಾಂ ಹತ್ತಿಯ ನೂಲಿನಲ್ಲಿ ಸಾಧಾರಣ ಹವೆಯಲ್ಲಿಯೂ 7–8 ಗ್ರಾಂ ನೀರು ಅಡಗಿರುತ್ತದೆ. ರೇಷ್ಮೆಯಲ್ಲಿ ಇದು ಸುಮಾರು 11 ಗ್ರಾಂ. ಉಣ್ಣೆಯಲ್ಲಿ 16 ಗ್ರಾಂ ಅಥವಾ ಅದರ ಆಸುಪಾಸು. ಆದರೂ ಕುರುಬರು ನೇಯ್ದ ಕಂಬಳಿಯನ್ನು ಮುಟ್ಟಿ ಯಾರೂ ಅದನ್ನು ಒದ್ದೆಯೆನ್ನುವುದಿಲ್ಲ. ನೈಲಾನಿನಲ್ಲಿ ಇದು ಸುಮಾರು 4 ಗ್ರಾಂ. ಪಾಲಿಯೆಸ್ಟರಿನಲ್ಲಾದರೋ ಅರ್ಧ ಗ್ರಾಂ ಕೂಡ ಇರುವುದಿಲ್ಲ.

ಎರಡನೆಯದು, ಎಳೆಗಳ ನಡುವಿನ ಸಂದುಗಳಲ್ಲಿ ನೀರು ಏರುವುದು. ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಅದರೊಳಗೆ ನೀರು ತಾನಾಗಿಯೇ ಮೇಲೇರುವುದನ್ನು ನಾವು ಪ್ರಯೋಗಶಾಲೆಯಲ್ಲಿ ನೋಡಿದ್ದೇವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕೇಶಾಕರ್ಷಣದಿಂದ. ನೂಲೆಂದರೆ ನೂರಾರು ಎಳೆಗಳ ಹುರಿ. ಎರಡು ಎಳೆಗಳ ನಡುವಣ ಪ್ರತಿಯೊಂದು ಸಂದೂ ಒಂದು ನಳಿಗೆಯೇ ಸರಿ. ಬಟ್ಟೆ ಹೀರುವ ನೀರಿನಲ್ಲಿ ಹೆಚ್ಚಿನ ಪಾಲು ಈ ಸಂದುಗಳಿಗೆ ಸೇರುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಹತ್ತಿಯ ಪಂಚೆ, ಕೋರಾ ಬಟ್ಟೆ, ಆಟಗಾರರು ತೊಡುವ ಪಾಲಿಯೆಸ್ಟರ್ ಬನಿಯನು, ಈ ಮೂರರಿಂದಲೂ ಎರಡು ಅಂಗುಲ ಅಗಲದ ಪಟ್ಟಿಗಳನ್ನು ಕತ್ತರಿಸಿ ತೂಗುಹಾಕಿರಿ. ಪ್ರತಿಯೊಂದರ ಕೆಳತುದಿಯೂ ಶಾಯಿ ಬೆರೆಸಿದ ನೀರಿನಲ್ಲಿ ಮುಳುಗಿರಲಿ. ಬಣ್ಣ ಏರಿದ ಎತ್ತರವನ್ನು ನಿಮಿಷ ನಿಮಿಷಕ್ಕೂ ಗುರುತು ಹಾಕಿರಿ. ಮೊದಲು ಅದು ವೇಗವಾಗಿ ಏರಿ, ಬರಬರುತ್ತ ನಿಧಾನವಾಗುವುದು ಕಾಣುತ್ತದೆ. ಎರಡರಷ್ಟು ಎತ್ತರ ಏರಲು ಸುಮಾರು ನಾಲ್ಕರಷ್ಟು ಕಾಲ ಬೇಕು. ಈ ನಿಯಮವನ್ನು 1918ರಲ್ಲಿ ಲೂಕಾಸ್, 1921ರಲ್ಲಿ ವಾಷ್‌ಬರ್ನ್ ಎಂಬವರು ಗಣಿತರೂಪದಲ್ಲಿ ತಿಳಿಸಿದರು.

ಈ ಪರೀಕ್ಷೆಯಲ್ಲಿ ಕೋರಾ ಬಟ್ಟೆ ಹಿಂದೆ ಬೀಳುವುದು ನಿಶ್ಚಯ. ಕಚ್ಚಾ ಹತ್ತಿಯ ಎಳೆಯ ಮೇಲೆ ಪ್ರಕೃತಿಯೇ ಲೇಪಿಸಿದ ತೆಳ್ಳನೆಯ ಮೇಣವಿರುತ್ತದೆ. ನೇಯುವಾಗ ಹಚ್ಚಿದ ಗಂಜಿಯೂ ಉಳಿದಿರುತ್ತದೆ. ಒಗೆದು ಒಗೆದು ಇವೆರಡೂ ಹೋದ ಮೇಲೆಯೇ ಹತ್ತಿಯ ನಿಜವಾದ ದಾಹ ಹೊರಬೀಳುತ್ತದೆ. ಮಗುವಿಗೆ ಸುತ್ತಲು ನಮ್ಮ ಅಜ್ಜಿಯರು ಹೊಸ ಬಟ್ಟೆಯನ್ನು ಬಿಟ್ಟು ಹಳೆಯ ಸೀರೆ ಪಂಚೆಗಳ ತುಂಡನ್ನೇ ಆರಿಸುತ್ತಿದ್ದುದರಲ್ಲಿ ಮಿತವ್ಯಯದ ಜೊತೆಗೆ ಇಂತಹ ಅನುಭವವೂ ಸೇರಿತ್ತು.

ಈಗ ಪಾಲಿಯೆಸ್ಟರಿನ ವಿಷಯ. ಎಳೆಯು ನೀರನ್ನೇ ಕುಡಿಯದಿದ್ದರೆ ಅಂತಹ ಅಂಗಿ ಬೆವರನ್ನು ಹೇಗೆ ತೆಗೆದೀತು? ಸಾಮಾನ್ಯ ಪಾಲಿಯೆಸ್ಟರ್ ನಿಜವಾಗಿಯೂ ಬೆವರಿಗೆ ಅಂಟಿಕೊಂಡು ಹಿಂಸೆ ಕೊಡುತ್ತದೆ. ಆದರೆ ಎಳೆಯ ಅಡ್ಡಕೊಯ್ತವನ್ನು ದುಂಡಗೆ ಬಿಡದೆ, ಉದ್ದಕ್ಕೂ ಕಾಲುವೆಗಳಿರುವಂತೆ ತಯಾರಿಸಿ, ನೀರು ಹರಡಿಕೊಳ್ಳುವಂತೆ ಮೇಲ್ಮೈಯನ್ನು ಸಂಸ್ಕರಿಸಿದರೆ ಕಥೆ ಬದಲಾಗುತ್ತದೆ. ಅಮೆರಿಕದ ಡುಪಾಂಟ್ ಕಂಪನಿ 1986ರಲ್ಲಿ ಹೊರತಂದ ಕೂಲ್‌ಮ್ಯಾಕ್ಸ್ ಇಂತಹ ನೂಲು. ಬೆವರು ಈ ಕಾಲುವೆಗಳಲ್ಲಿ ಹರಿದು ಬಟ್ಟೆಯ ಹೊರಮೈಯಲ್ಲಿ ವಿಶಾಲವಾಗಿ, ತೆಳುವಾಗಿ ಹರಡುತ್ತದೆ. ಎಳೆಯೊಳಗೆ ನೀರು ಸೇರದೆ ಇರುವುದರಿಂದ ಬೇಗ ಆರುತ್ತದೆ. ಹತ್ತಿಯಾದರೋ ಬೆವರನ್ನು ಧಾರಾಳವಾಗಿ ಸ್ವೀಕರಿಸಿ, ಬಿಟ್ಟುಕೊಡುವಲ್ಲಿ ಜಿಪುಣತನ ತೋರುತ್ತದೆ. ಸಾಧಾರಣ ಬೆವರಿಗೆ ಹತ್ತಿ ಉತ್ತಮ. ಬೆವರು ಧಾರೆಯಾಗಿ ಸುರಿಯುವಾಗ ಅದರ ಸಂದುಗಳೆಲ್ಲ ನೀರಿನಿಂದ ತುಂಬಿ, ಗಾಳಿ ಆಡದಂತಾಗಿ, ಭಾರವಾದ ಒದ್ದೆ ಬಟ್ಟೆ ಮೈಗೆ ಮೆತ್ತಿಕೊಳ್ಳುತ್ತದೆ. ನಿಶ್ಚಲವಾದ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಒದ್ದೆ ಬಟ್ಟೆ ತೊಟ್ಟು ತಣ್ಣನೆಯ ಗಾಳಿಗೆ ಬಂದವನು ನಡುಗಲೇಬೇಕು. ಬಿಸಿಯಾದ ಗಣಿಗಳಿಂದ ಚಳಿಗಾಳಿಗೆ ಏರಿಬರುತ್ತಿದ್ದ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು, ಬಟ್ಟೆ ಬದಲಾಯಿಸಿ ಒದ್ದೆಯದನ್ನು ಒಣಹಾಕುವ ಕಟ್ಟಡವನ್ನು ‘ಡ್ರೈ’, ಎಂದರೆ ‘ಒಣ’ ಎಂದೇ ಕರೆಯುತ್ತಿದ್ದರು. ಕೋಲಾರದ ಗಣಿಗಳಿಗೆ ಮೊದಮೊದಲು ಬಂದ ಯೂರೋಪಿಯನ್ ಕುಶಲಿಗಳಲ್ಲಿ ಈ ಕಾರ್ನ್‌ವಾಲಿನವರೇ ಬಹುಮಂದಿ.

ಹನಿಗೆ ತಡೆ, ಆವಿಗೆ ದಾರಿ

ನೀರಿನ ಹನಿಯನ್ನು ತಡೆದು ಆವಿಯನ್ನು ಮಾತ್ರ ಬಿಡುವ ಬಟ್ಟೆಗಳೂ ಇಂದು ಬಳಕೆಯಲ್ಲಿವೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬಾತನು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಥಟ್ಟನೆ ಎಳೆದಾಗ ಅದು ಅಸಂಖ್ಯಾತ ಸೂಕ್ಷ್ಮರಂಧ್ರಗಳುಳ್ಳ ಹಾಳೆಯಾಯಿತು. ಆ ರಂಧ್ರಗಳು ಮಳೆಯ ಹನಿಗಿಂತ ಸಾವಿರಾರು ಪಟ್ಟು ಕಿರಿದು. ನೀರಿನ ಒಂದು ಅಣುವಿಗಿಂತ ನೂರಾರು ಪಟ್ಟು ಹಿರಿದು. ಹನಿಯಲ್ಲಿ ಕೋಟ್ಯಂತರ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆವಿಯಲ್ಲಿ ಅವು ಬಿಡಿಬಿಡಿಯಾಗಿ ಸಂಚರಿಸುತ್ತವೆ. ಆದುದರಿಂದ ಒಂದೇ ಬಾಗಿಲು ಹನಿಗೆ ಮುಚ್ಚಿ, ಆವಿಗೆ ತೆರೆದಿರುವುದು ಸಾಧ್ಯವಾಯಿತು.

ಇಂದಿನ ಶಿಶುಗಳ ಡೈಪರ್‌ನಲ್ಲಿ ಹೀರುವ ಗುಣ, ಆವಿ ಬಿಡುವ ಗುಣ ಎರಡನ್ನೂ ಕೂಡಿಸಿದ್ದಾರೆ. ಒಳಗಿನ ತೆಳುಪದರ ತೇವವನ್ನು ಚರ್ಮದಿಂದ ಆಚೆಗೆ ದಾಟಿಸುತ್ತದೆ. ನಡುವೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿಯಿರುತ್ತದೆ. ಇದು ಶುದ್ಧನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರಿ ಲೋಳೆಯಂತಾಗುತ್ತದೆ. ಉಪ್ಪುನೀರನ್ನಾದರೆ ಅದಕ್ಕಿಂತ ಬಹಳ ಕಡಿಮೆ. ಹತ್ತಿಯನ್ನು ಹಿಂಡಿದರೆ ನೀರು ಹೊರಬರುತ್ತದೆ. ಈ ಲೋಳೆ ಅದುಮಿದರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸುಣ್ಣಕಲ್ಲಿನ ನುಣ್ಣನೆಯ ಪುಡಿ ಬೆರೆಸಿ ಎಳೆದುದರಿಂದ ಸೂಕ್ಷ್ಮರಂಧ್ರಗಳಾದ ಪ್ಲಾಸ್ಟಿಕ್ ಹಾಳೆಯನ್ನು ಹೊರಗಡೆಗೆ ಬಳಸಿದರೆ ಒಳಗಿನ ಆವಿಗೂ ದಾರಿಯಾಗುತ್ತದೆ. ಹಾಸಿಗೆ ಹಿಡಿದ ವೃದ್ಧರಿಗೂ ಈ ಬಗೆಯ ಉಡುಪುಗಳಿಂದ ಎಷ್ಟೋ ಉಪಕಾರವಾಗಿದೆ.

ಇಷ್ಟನ್ನು ಓದಿದವರಿಗೆ, ಒಳ್ಳೆಯ ಬಟ್ಟೆಯೊಂದು ದೊರೆತರೆ ಮೈ ಒಣಗಿಯೇ ಇರುವುದೆಂಬ ಭರವಸೆ ಮೂಡಬಹುದು. ಆದರೆ ಬಟ್ಟೆಯು ಬೆವರನ್ನು ಸಾಗಿಸುವ ಗಾಡಿ ಮಾತ್ರ. ಅದನ್ನು ಇಳಿಸಿಕೊಳ್ಳುವವರು ಎದುರಿಗೆ ಇರಬೇಕು. ಇಳಿಸಿಕೊಳ್ಳಬೇಕಾದುದು ಗಾಳಿ.

ಗಾಳಿಯ ಒಪ್ಪಿಗೆ

ಗಾಳಿಯಲ್ಲಿರುವ ನೀರಿನ ಆವಿಗೆ ಒಂದು ಒತ್ತಡವಿದೆ. ಆವಿ ಯಾವಾಗಲೂ ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ಹೋಗುತ್ತದೆ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ ಪಾದರಸದ 42 ಮಿಲಿಮೀಟರ್. ಸುತ್ತಣ ಗಾಳಿಯಲ್ಲಿ ಅದು ಎಷ್ಟು ಕಡಿಮೆಯಿದೆಯೋ ಅಷ್ಟು ಬೇಗ ಬೆವರು ಆರುತ್ತದೆ.

ಎರಡು ಊರುಗಳನ್ನು ಹೋಲಿಸಿ ನೋಡೋಣ. ರಾಯಚೂರಿನಲ್ಲಿ ಬೇಸಗೆಯ ಒಂದು ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಎಂದಿಟ್ಟುಕೊಳ್ಳೋಣ. ಅಲ್ಲಿಯ ಗಾಳಿಯಲ್ಲಿ ಆವಿಯ ಒತ್ತಡ ಸುಮಾರು 11 ಮಿಲಿಮೀಟರ್. ಚರ್ಮಕ್ಕೂ ಗಾಳಿಗೂ ಅಂತರ 31. ಮಂಗಳೂರಿನಲ್ಲಿ 32 ಡಿಗ್ರಿ, ಶೇಕಡ 80 ಎಂದಾದರೆ ಆವಿಯ ಒತ್ತಡ 28ಕ್ಕೂ ಸ್ವಲ್ಪ ಹೆಚ್ಚು. ಅಂತರ 14ರ ಒಳಗೆ. ಎಂಟು ಡಿಗ್ರಿ ತಂಪಾದ ಊರಿನಲ್ಲಿ ಬೆವರು ಆರುವ ರಭಸ ಅರ್ಧಕ್ಕೂ ಕಡಿಮೆ! ಕರಾವಳಿಯಲ್ಲಿ ಅಂಗಿ ಬೆನ್ನಿಗೆ ಅಂಟುವುದೂ, ಬಯಲುಸೀಮೆಯಲ್ಲಿ ಬೆವರಿದ್ದೇ ತಿಳಿಯದಂತೆ ತುಟಿ ಒಣಗುವುದೂ ಇದರಿಂದಲೇ.

ಉಷ್ಣತೆ, ಆರ್ದ್ರತೆ ಎರಡನ್ನೂ ಒಟ್ಟಿಗೆ ತಿಳಿಸುವ ಸುಲಭ ಸಾಧನವೊಂದಿದೆ. ಉಷ್ಣಮಾಪಕದ ಬುರುಡೆಗೆ ತೆಳ್ಳನೆಯ ಹತ್ತಿಯ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನಲ್ಲಿ ಇಳಿಬಿಟ್ಟು, ಬೀಸಣಿಗೆಯಿಂದ ಗಾಳಿ ಹಾಕಬೇಕು. ನೀರು ಆರುತ್ತ ಪಾದರಸವನ್ನು ಕೆಳಗಿಳಿಸುತ್ತದೆ. ಕೊನೆಗೆ ನಿಲ್ಲುವ ಅಂಕಿಯೇ ಆ ಗಾಳಿಯ ‘ಒದ್ದೆ ಬುರುಡೆಯ ಉಷ್ಣತೆ’. ಒಣ ಗಾಳಿಯಲ್ಲಿ ಇದು ಸಾಧಾರಣ ಉಷ್ಣಮಾಪಕಕ್ಕಿಂತ ಬಹಳ ಕೆಳಗಿರುತ್ತದೆ. ತೇವದಿಂದ ತುಂಬಿದ ಗಾಳಿಯಲ್ಲಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ಯೋಚಿಸಿ ನೋಡಿದರೆ, ಒದ್ದೆ ಬಟ್ಟೆ ತೊಟ್ಟ ಈ ಬುರುಡೆ ಬೆವರಿದ ಮನುಷ್ಯನ ಒಂದು ಸಣ್ಣ ಪ್ರತಿಕೃತಿಯೇ ಆಗಿದೆ.

ಮೂರು ಕಿಲೋಮೀಟರಿನ ಆಳದಲ್ಲಿ

ಈಗ ಚಾಂಪಿಯನ್ ರೀಫಿನ ಆಳಕ್ಕೆ ಇಳಿಯೋಣ. ಅಲ್ಲಿಯ ಗಾಳಿಯನ್ನು ಕೆಡಿಸಲು ಮೂರು ಕಾರಣಗಳು ಒಟ್ಟುಗೂಡಿದ್ದವು.

ಮೊದಲನೆಯದು ಬಂಡೆಯ ಶಾಖ. ಭೂಮಿಯೊಳಗೆ ಇಳಿದಂತೆಲ್ಲ ಉಷ್ಣತೆ ಏರುತ್ತದೆ. ಕೋಲಾರದ ಶಿಲೆಗಳು ಅತಿ ಪ್ರಾಚೀನವಾದವು. ಅಲ್ಲಿಯ ಏರಿಕೆ ಜಗತ್ತಿನ ಎಷ್ಟೋ ಕಡೆಗಳಿಗಿಂತ ನಿಧಾನ. ಆ ನಿಧಾನಗತಿಯ ಉಪಕಾರದಿಂದಲೇ ಮನುಷ್ಯನು ಅಷ್ಟು ಆಳ ಮುಟ್ಟುವುದು ಸಾಧ್ಯವಾಯಿತು. ಹಾಗಿದ್ದೂ ತಳದ ಬಂಡೆ ಬರಿಗೈಯಿಂದ ಮುಟ್ಟಲಾಗದಷ್ಟು ಬಿಸಿಯಾಗಿತ್ತು.

ಎರಡನೆಯದು ಗಾಳಿಯ ಸ್ವಂತ ಭಾರ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಬಾವಿಯಂತಹ ಗಣಿಯ ದಾರಿಯಲ್ಲಿ ಇಳಿಯುವ ಗಾಳಿಯೂ ಮೇಲಿನ ಗಾಳಿಯ ಒತ್ತಡಕ್ಕೆ ಸಿಕ್ಕಿ ಸಂಕುಚಿತವಾಗಿ ಬಿಸಿಯಾಗುತ್ತದೆ. ಒಣಗಿದ ಗಾಳಿಯಾದರೆ ಪ್ರತಿ ಕಿಲೋಮೀಟರಿಗೂ ಸುಮಾರು 10 ಡಿಗ್ರಿ ಏರುತ್ತದೆ. ಬೆಟ್ಟ ಹತ್ತಿದಾಗ ತಂಪಾಗುವ ನಿಯಮವೇ ಇಲ್ಲಿ ತಿರುವುಮುರುವಾಗಿದೆ. ದಾರಿಯಲ್ಲಿ ನೀರು ಜಿನುಗುತ್ತಿದ್ದರೆ ಈ ಶಾಖದ ಒಂದು ಭಾಗ ನೀರನ್ನು ಆವಿಯಾಗಿಸಲು ಖರ್ಚಾಗಿ ಉಷ್ಣತೆ ಅಷ್ಟೊಂದು ಏರುವುದಿಲ್ಲ. ಅದರ ಬದಲು ತೇವ ಏರುತ್ತದೆ.

ಮೂರನೆಯದು ಆ ತೇವವೇ. ಬಂಡೆ ಕೊರೆಯುವಾಗ ಏಳುವ ಸೂಕ್ಷ್ಮವಾದ ಶಿಲಾಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಕೋಲಾರದ ಎಷ್ಟೋ ಕುಟುಂಬಗಳು ಈ ರೋಗದಿಂದ ಬೆಂದಿವೆ. ಧೂಳನ್ನು ಅಡಗಿಸಬೇಕಾದರೆ ಕೊರೆಯುವಲ್ಲಿ ನೀರು ಹಾಯಿಸಬೇಕು, ಒಡೆದ ಕಲ್ಲಿನ ಮೇಲೆ ನೀರು ಚಿಮುಕಿಸಬೇಕು. ಶ್ವಾಸಕೋಶವನ್ನು ಕಾಪಾಡುವ ಅದೇ ನೀರು ಬಿಸಿ ಬಂಡೆಯ ಮೇಲೆ ಆವಿಯಾಗಿ, ಬೆವರು ಆರುವ ದಾರಿಗೆ ಅಡ್ಡಬರುತ್ತಿತ್ತು. ಗಣಿಯ ಆರೋಗ್ಯಶಾಸ್ತ್ರದ ಕಷ್ಟವೆಲ್ಲ ಈ ಒಂದು ಇಕ್ಕಟ್ಟಿನಲ್ಲಿ ಅಡಗಿದೆ.

ಗಾಳಿ 34 ಡಿಗ್ರಿಯಲ್ಲಿ ತೇವದಿಂದ ಪೂರ್ಣವಾಗಿ ತುಂಬಿದೆಯೆಂದು ಊಹಿಸೋಣ. ಅದರಲ್ಲಿ ಆವಿಯ ಒತ್ತಡ ಸುಮಾರು 40 ಮಿಲಿಮೀಟರ್. ಚರ್ಮದ ಮೇಲೆ 42. ಅಂತರ ಎರಡು ಮಾತ್ರ! ಇಂತಹ ಕಡೆ ಹತ್ತಿ, ಉಣ್ಣೆ, ಕಾಲುವೆಯ ನೂಲು, ರಂಧ್ರದ ಹಾಳೆ, ಇವು ಯಾವುವೂ ಮೈಯನ್ನು ಒಣಗಿಸಲಾರವು. ಬಟ್ಟೆ ಬೆವರನ್ನು ಹೊರಮೈಗೆ ಒಯ್ದರೂ ಗಾಳಿ ಅದನ್ನು ಒಪ್ಪಿಕೊಳ್ಳುವುದಿಲ್ಲ. ಬಿಸಿ ಗಣಿಗಳಲ್ಲೆಲ್ಲ ಕಾರ್ಮಿಕರು ಮರ್ಯಾದೆಗೆ ಬೇಕಾದಷ್ಟು ಬಟ್ಟೆಯನ್ನು ಮಾತ್ರ ಉಳಿಸಿಕೊಂಡು ಬರಿಮೈಯಲ್ಲಿ ದುಡಿದುದಕ್ಕೆ ಇದೇ ಕಾರಣ. ಅದು ಬಡತನದ ಅಥವಾ ಅಜ್ಞಾನದ ಗುರುತಾಗಿರಲಿಲ್ಲ. ಆವಿಯ ಒತ್ತಡದ ಲೆಕ್ಕವನ್ನು ಅವರ ಮೈಯೇ ಮಾಡಿ ಹೇಳಿತ್ತು. ಆದರೆ ಬರಿಮೈ ಚೂಪುಗಲ್ಲಿಗೂ ಬಿಸಿ ಬಂಡೆಗೂ ಒಡ್ಡಿದ ಮೈ ಎಂಬುದನ್ನು ನಾವು ಮರೆಯಬಾರದು.

ಮನುಷ್ಯನು ತಾಳಬಲ್ಲ ಮಿತಿ ಯಾವುದು? ಇದನ್ನು ಅಳೆಯಲು ಹೊರಟವರಲ್ಲಿ ಮೊದಲಿಗನು ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಮುಂದೆ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಈತನ ಮಗ. ತಂದೆ ಹಾಲ್ಡೇನನು ಕಾರ್ನ್‌ವಾಲಿನ ಬಿಸಿ ಗಣಿಯಲ್ಲಿಯೂ ಬೇರೆ ಕಡೆಗಳಲ್ಲಿಯೂ ಪ್ರಯೋಗ ನಡೆಸಿ 1905ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ನಿಂತ ಗಾಳಿಯಲ್ಲಿ ಒದ್ದೆ ಬುರುಡೆಯ ಉಷ್ಣತೆ ಸುಮಾರು 31 ಡಿಗ್ರಿಯನ್ನು ಮೀರಿದರೆ, ಬರಿಮೈಯಲ್ಲಿ ಸುಮ್ಮನೆ ಕುಳಿತವನ ಮೈ ಕೂಡ ಕಾಯತೊಡಗುತ್ತಿತ್ತು. ದುಡಿಯುವವನಿಗೆ ಈ ಮಿತಿ ಇನ್ನೂ ಕೆಳಗಿಳಿಯಿತು. ಗಾಳಿ ಬೀಸುತ್ತಿದ್ದಾಗ ಕೆಲವು ಡಿಗ್ರಿ ಮೇಲೇರಿತು. ಸಾಧಾರಣ ಉಷ್ಣಮಾಪಕದ ಅಂಕಿಯನ್ನು ನೋಡಿ ಮಾತ್ರ ಅಪಾಯವನ್ನು ನಿರ್ಧರಿಸಲಾಗದೆಂಬುದು ಇದರಿಂದ ಸ್ಪಷ್ಟವಾಯಿತು.

ಬಟ್ಟೆಯಿಂದ ಆಗದ ಕೆಲಸವನ್ನು ಗಣಿಗಳಲ್ಲಿ ಗಾಳಿಯಿಂದ ಮಾಡಿಸಬೇಕಾಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಕೋಲಾರದ ಗಣಿಗಳನ್ನು ಮುಟ್ಟಿತು. ವಿದ್ಯುಚ್ಛಕ್ತಿ ಇದ್ದುದರಿಂದಲೇ ಆಳದಿಂದ ನೀರೆತ್ತುವುದೂ, ಭಾರಿ ಬೀಸಣಿಗೆಗಳಿಂದ ಗಾಳಿ ಹಾಯಿಸುವುದೂ ಸುಗಮವಾಯಿತು. ಗಣಿ ಇನ್ನೂ ಆಳವಾದಾಗ ಬೀಸಣಿಗೆಯೂ ಸಾಲದೆ, ಚಾಂಪಿಯನ್ ರೀಫಿನಲ್ಲಿ ಶೈತ್ಯಯಂತ್ರಗಳಿಂದ ಗಾಳಿಯನ್ನು ತಂಪುಮಾಡಿ ಕೆಳಗೆ ಕಳುಹಿಸುವ ಏರ್ಪಾಡಾಯಿತು. ಇದರಿಂದಾದ ಲಾಭ ತಂಪೊಂದೇ ಅಲ್ಲ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ, ತಂಪಾದ ಗಾಳಿ ತನ್ನಲ್ಲಿರುವ ನೀರನ್ನು ಮೇಲೆಯೇ ಇಳಿಸಿಬಿಡುತ್ತದೆ. ಹಾಗೆ ಒಣಗಿದ ಗಾಳಿ ಆಳಕ್ಕೆ ಇಳಿದು ಮತ್ತೆ ಬಿಸಿಯಾದರೂ ಅದರಲ್ಲಿರುವ ಆವಿ ಸ್ವಲ್ಪವೇ. ಅದು ಬಾಯಾರಿದ ಗಾಳಿ. ಅಂತಹ ಗಾಳಿ ಬಂದಾಗಲೇ ಕಾರ್ಮಿಕನ ಬೆವರು ಆರುವುದು, ಅವನು ತೊಟ್ಟ ಬಟ್ಟೆಗೂ ಅರ್ಥ ಬರುವುದು.

ಗಣಿ ಮುಚ್ಚಿದ ಮೇಲೆ

ಗಣಿಗಳು ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತು. ಆ ಆಳದ ದಾರಿಗಳಲ್ಲಿ ಈಗ ನೀರು ತುಂಬಿದೆ. ತಮಿಳುನಾಡಿನ ಆರ್ಕಾಟು ಪ್ರಾಂತದಿಂದಲೂ, ಆಂಧ್ರದ ಚಿತ್ತೂರಿನ ಕಡೆಯಿಂದಲೂ, ಕೋಲಾರದ ಹಳ್ಳಿಗಳಿಂದಲೂ ಬಂದು ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಕೋರಮಂಡಲ್, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ ಕೆಲಸಕ್ಕಾಗಿ ಪ್ರತಿದಿನ ಬೆಂಗಳೂರಿಗೆ ಹೋಗಿಬರುತ್ತಾರೆ. ಆದರೆ ಗಣಿ ಕಲಿಸಿದ ಪಾಠ ಹಳತಾಗಿಲ್ಲ.

ಭೂಮಂಡಲ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಒದ್ದೆ ಬುರುಡೆಯ ಲೆಕ್ಕ ನೆಲದ ಮೇಲೆಯೂ ಅಗತ್ಯವಾಗಿದೆ. ಒದ್ದೆ ಬುರುಡೆ 35 ಡಿಗ್ರಿಯನ್ನು ಮುಟ್ಟಿದರೆ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಗಣಿಸಿ ತೋರಿಸಿದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತರುಣರ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದ ಫಲಿತಾಂಶ ಇನ್ನೂ ಎಚ್ಚರಿಕೆ ಕೊಡುವಂಥದು. ತೇವದ ಗಾಳಿಯಲ್ಲಿ, ಹಗುರವಾದ ಕೆಲಸ ಮಾಡುತ್ತಿದ್ದವರ ಒಳಗಿನ ಉಷ್ಣತೆ, ಒದ್ದೆ ಬುರುಡೆ ಸುಮಾರು 31 ಡಿಗ್ರಿ ಇರುವಾಗಲೇ ಹತೋಟಿ ತಪ್ಪಿ ಏರತೊಡಗಿತು. ಪ್ರಯೋಗದ ರೀತಿ ಬೇರೆಯಾದರೂ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಾಲ್ಡೇನನು ಗಣಿಯಲ್ಲಿ ಕಂಡ ಅಂಕಿಯ ಸಮೀಪಕ್ಕೇ ಇವರೂ ಬಂದುದು ಗಮನಾರ್ಹ.

ಕೆಲವು ವೇಳೆ ಉಡುಪೇ ಒಂದು ಗಣಿಯಾಗುತ್ತದೆ. 2020ರಲ್ಲಿ ಕೋವಿಡ್ ಹಬ್ಬಿದಾಗ ವೈದ್ಯರೂ ದಾದಿಯರೂ ಗಾಳಿಯಾಡದ ರಕ್ಷಣಾ ಉಡುಪಿನಲ್ಲಿ ಗಂಟೆಗಟ್ಟಲೆ ದುಡಿದರು. ಹೊರಗಿನ ಗಾಳಿ ಎಷ್ಟೇ ಒಣಗಿರಲಿ, ಉಡುಪಿನೊಳಗಿನ ಗಾಳಿ ಕೆಲವೇ ನಿಮಿಷಗಳಲ್ಲಿ ಬೆವರಿನ ಆವಿಯಿಂದ ತುಂಬಿಬಿಡುತ್ತದೆ. ಮೈಗೂ ಬಟ್ಟೆಗೂ ನಡುವಿನ ಒಂದು ಅಂಗುಲದಲ್ಲಿ ಚಾಂಪಿಯನ್ ರೀಫಿನ ಹವೆಯೇ ನಿರ್ಮಾಣವಾಗುತ್ತದೆ. ವಿಷದ ಔಷಧ ಸಿಂಪಡಿಸುವ ರೈತ, ಬೆಂಕಿ ಆರಿಸುವ ಸಿಬ್ಬಂದಿ, ರಬ್ಬರಿನ ಉಡುಪು ತೊಟ್ಟು ದುಡಿಯುವ ಪೌರಕಾರ್ಮಿಕ, ಇವರೆಲ್ಲರ ಕಷ್ಟವೂ ಇದೇ. ಹನಿಯನ್ನು ತಡೆದು ಆವಿಯನ್ನು ಬಿಡುವ ಬಟ್ಟೆಯ ನಿಜವಾದ ಬೆಲೆ ತಿಳಿಯುವುದು ಇಂತಹ ಕೆಲಸಗಳಲ್ಲಿ.

ಹಾಗಾದರೆ ನಾವು ಬಟ್ಟೆಯನ್ನು ಆರಿಸುವ ಕ್ರಮವೇನು? ಒಣಸೆಕೆಯ ಬಿಸಿಲಿನಲ್ಲಿ ಮೈ ಮುಚ್ಚುವ ಸಡಿಲವಾದ ಹತ್ತಿಯ ಬಟ್ಟೆ ಲೇಸು. ಅದು ಸೂರ್ಯನ ಶಾಖವನ್ನು ತಡೆಯುತ್ತದೆ, ಹೀರಿದ ಬೆವರನ್ನು ಒಣಗಾಳಿ ಕೂಡಲೇ ಒಯ್ಯುತ್ತದೆ. ತೇವದ ಸೆಕೆಯಲ್ಲಿ ತೆಳ್ಳನೆಯ, ವಿರಳವಾದ ನೇಯ್ಗೆಯ, ಮೈಗೆ ಅಂಟದ ಬಟ್ಟೆ ಬೇಕು. ಬೆವರು ಸುರಿಯುವ ಆಟಪಾಟಗಳಿಗೆ ಬೇಗ ಆರುವ ನೂಲು ಒಳ್ಳೆಯದು. ಎಲ್ಲಕ್ಕೂ ಮಿಗಿಲಾಗಿ ಗಾಳಿಯ ಚಲನೆ ಬೇಕು. ಮೈ ಸುತ್ತಣ ತೇವದ ಗಾಳಿಯನ್ನು ಸರಿಸಿ ಹೊಸ ಗಾಳಿಯನ್ನು ತರುವ ಬೀಸಣಿಗೆ, ಎದುರುಬದುರಾದ ಎರಡು ಕಿಟಕಿ, ಇವು ಎಷ್ಟೋ ವೇಳೆ ಬೆಲೆಬಾಳುವ ಅಂಗಿಗಿಂತ ಹೆಚ್ಚಿನ ಕೆಲಸ ಮಾಡುತ್ತವೆ. ಹೋದ ನೀರನ್ನೂ ಉಪ್ಪನ್ನೂ ತುಂಬಿಕೊಳ್ಳಬೇಕು. ನಡುನಡುವೆ ನೆರಳಿನಲ್ಲಿ ವಿಶ್ರಮಿಸಬೇಕು.

ದುಡಿಸುವವರ ಹೊಣೆಯೂ ಇಲ್ಲಿದೆ. ಕಾರ್ಖಾನೆಯಲ್ಲಾಗಲಿ, ಇಟ್ಟಿಗೆಯ ಗೂಡಿನಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಒಳ್ಳೆಯ ಬಟ್ಟೆಯ ಸಮವಸ್ತ್ರ ಹಂಚಿದೊಡನೆ ಆ ಹೊಣೆ ತೀರಿತೆಂದು ತಿಳಿಯಬಾರದು. ಗೋಡೆಯ ಮೇಲೆ ಒಂದು ಉಷ್ಣಮಾಪಕ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಇನ್ನೊಂದನ್ನೂ ತೂಗುಹಾಕಬೇಕು. ಅದರ ಅಂಕಿ 30ನ್ನು ಸಮೀಪಿಸಿತೆಂದರೆ ಅಲ್ಲಿ ಕೊರತೆಯಿರುವುದು ಬಟ್ಟೆಗಲ್ಲ, ಗಾಳಿಗೆ. ಆಗ ಕೆಲಸವನ್ನು ತಗ್ಗಿಸಿ ಗಾಳಿಯನ್ನು ಒದಗಿಸಬೇಕು.